ಏಳನೇ ಸೀಟು

ಅಳಿಯನ ಹೊಸ ಗಾಡಿಯಲ್ಲಿ ಏಳು ಸೀಟು. ಏಳನೆಯದು ನನ್ನದು. ಅದಕ್ಕೆ ತನ್ನದೇ ಬಾಗಿಲಿಲ್ಲ. ನಡುವಿನ ಸೀಟನ್ನು ಯಾರಾದರೂ ಮಡಚಿ ಮುಂದಕ್ಕೆ ತಳ್ಳಿದರೆ ಮಾತ್ರ ಒಳಗೆ ಹೋಗಬಹುದು, ಹೊರಗೆ ಬರಬಹುದು. ಪಕ್ಕದ ಕಿಟಕಿಯ ಗಾಜು ಇಳಿಯುವುದಿಲ್ಲ. ಎರಡು ಸೂಟ್‌ಕೇಸುಗಳ ಪಕ್ಕ ನಾನೂ ಮೂರನೆಯದರಂತೆ ಕೂತಿದ್ದೆ, ಮೊಣಕಾಲು ಎದೆಗೆ ಒತ್ತಿಕೊಂಡು.

ನನ್ನ ಮುಂದಿನ ಸಾಲಿನ ಎರಡೇ ಸೀಟುಗಳಲ್ಲಿ ಮಗಳು, ಮೊಮ್ಮಗಳು ಪುಟ್ಟಿ. ಡ್ರೈವರ್ ಸೀಟಿನಲ್ಲಿ ಅಳಿಯ, ಅವನ ಪಕ್ಕ ಅವನ ತಾಯಿ, ನಮ್ಮ ಬೀಗಿತ್ತಿ. ಅವರಿಗೆ ಎರಡೂ ಮಂಡಿ ಹೋಗಿವೆ. ವಾಕರ್ ಹಿಡಿದು ಮನೆಯೊಳಗೆ ನಡೆದರೆ ಅದೇ ದೊಡ್ಡದು. ಕೊಲ್ಲಿಯ ಆಚೆ ಇರುವ ಅವರ ಮಗಳ ಮನೆಗೆ ಹೊರಟಿದ್ದೆವು.

ಮನೆ ಬಿಡುವಾಗಲೇ ಮಗಳು ನನ್ನನ್ನು ಅಡುಗೆಮನೆಗೆ ಕರೆದಿದ್ದಳು. "ಅಪ್ಪ, ಗಾಡಿ ವಿಷಯಕ್ಕೆ ಇವತ್ತು ಒಂದು ಮಾತೂ ಆಡಬೇಡ. ಹೋದ ಸಲ ನೀನು ಬ್ರೇಕು ಅಂತ ಏನೋ ಅಂದಿದ್ದಕ್ಕೆ ಇವರು ಎಂಟು ತಿಂಗಳು ನಿನ್ನ ಹತ್ರ ಮಾತು ಬಿಟ್ಟಿದ್ರು. ನಡುವೆ ನಾನು ಸಾಯ್ತೀನಿ."

"ಆಡಲ್ಲ ಮಗಳೇ" ಅಂದೆ. ಮಾತು ಕೊಟ್ಟೆ.

ಪೆಟ್ರೋಲ್ ಬಂಕಿನಲ್ಲಿ ಅಳಿಯ, ಐದು ಜನ, ಸಾಮಾನು ಬೇರೆ ಎಂದು ನಾಲ್ಕೂ ಚಕ್ರಕ್ಕೆ ಕಲ್ಲಿನಂತೆ ಗಾಳಿ ತುಂಬಿಸಿದ. ನೋಡಿದೆ, ಸುಮ್ಮನಿದ್ದೆ. ರಸ್ತೆಯಲ್ಲಿ ಸುತ್ತಿಕೊಂಡು ಹೋದರೆ ಒಂದೂವರೆ ಗಂಟೆ, ಮರಳಿನ ಮೇಲೆ ಹೋದರೆ ಇಪ್ಪತ್ತು ನಿಮಿಷ. "ರಸ್ತೆ ಇಲ್ಲದ ಕಡೆ ಹೋಗೋಕೇ ಇದನ್ನ ತಗೊಂಡಿದ್ದು" ಎಂದು ಅವನು ಗಾಡಿಯನ್ನು ಮರಳಿಗೆ ಇಳಿಸಿದ. ಆಗಲೂ ಸುಮ್ಮನಿದ್ದೆ.

ಅದೇ ಮರಳಿನ ಮೇಲೆ ನಾನು ಮೂವತ್ತೊಂದು ವರ್ಷ ಐಸ್ ಲಾರಿ ಓಡಿಸಿದವನು, ಬೋಟುಗಳಿಗೆ ಮಂಜುಗಡ್ಡೆ ಹೊತ್ತುಕೊಂಡು. ಎಡಕ್ಕೆ ಮನೆಯೆತ್ತರದ ಬಂಡೆಗೋಡೆ, ಬಲಕ್ಕೆ ಸಮುದ್ರ. ಉಬ್ಬರ ಬಂದರೆ ನೀರು ಗೋಡೆಗೇ ಬಡಿಯುತ್ತದೆ, ನಡುವೆ ಏನೂ ಉಳಿಯುವುದಿಲ್ಲ.

ಗಾಡಿಯನ್ನು ಸುಮ್ಮನೆ ದೂರಬಾರದು. ಹಸಿ ಮರಳು ಗಟ್ಟಿಯಾಗಿರುವ ಕಡೆ ಚೆನ್ನಾಗಿಯೇ ಓಡಿತು. ನಾಲ್ಕೂ ಚಕ್ರ ಎಳೆಯುತ್ತಿದ್ದವು. ನನ್ನ ಲಾರಿಗೆ ಆ ಭಾಗ್ಯ ಇರಲಿಲ್ಲ. ಅಳಿಯ ಒಂದು ಗುಂಡಿಯನ್ನು ತಿರುಗಿಸಿ, "ಇದು ಮರಳಿಗೆ ಅಂತಲೇ ಇಟ್ಟಿರೋದು ಅಮ್ಮ" ಎಂದ. ಬೀಗಿತ್ತಿ, "ನಿಮ್ಮಪ್ಪನಿಗೆ ಇಂಥದ್ದೊಂದು ಗುಂಡಿ ಇದ್ದಿದ್ರೆ ನನ್ನ ಬದುಕು ಸುಖವಾಗಿರ್ತಿತ್ತು" ಎಂದರು. ಎಲ್ಲರೂ ನಕ್ಕೆವು.

ಆಮೇಲೆ ಒಂದು ಅಲೆ ಹತ್ತಿರ ಬಂದು ಬಾನೆಟ್ಟಿಗೆ ನೀರು ಹಾರಿಸಿತು. ಅಳಿಯನ ಮುಖ ಹುಳ್ಳಗಾಯಿತು. "ಉಪ್ಪು ನೀರು! ಪೇಂಟು ಹೋಗುತ್ತೆ" ಎಂದು ಸ್ಟಿಯರಿಂಗನ್ನು ಎಡಕ್ಕೆ ಎಳೆದ. ಗೋಡೆಯ ಬುಡದಲ್ಲಿ ಚಿಪ್ಪಿನ ಪುಡಿ ಬೆರೆತ ಸಡಿಲ ಮರಳು. ಅಲ್ಲಿಗೆ ಲಾರಿಯವರು ಯಾರೂ ಹೋಗುತ್ತಿರಲಿಲ್ಲ. ಬಾಯಿ ತೆರೆದೆ. ಕನ್ನಡಿಯಲ್ಲಿ ಮಗಳ ಕಣ್ಣು ಕಂಡಿತು. ಮುಚ್ಚಿದೆ.

ಗಾಡಿ ನಿಂತಿತು. ಅವನು ಆಕ್ಸಿಲರೇಟರ್ ಒತ್ತಿದ. ಚಕ್ರಗಳು ಅಲ್ಲೇ ತಿರುಗಿ ತಮಗೆ ತಾವೇ ಗುಂಡಿ ತೋಡಿಕೊಂಡವು. ನನ್ನ ಕೈ ತಡೆಯಲಿಲ್ಲ, ಒಳಗಿನಿಂದಲೇ ಗಾಡಿಯ ಮೈಗೆ ಎರಡು ಏಟು ಹಾಕಿದೆ. ನಮ್ಮ ಕಾಲದಲ್ಲಿ ಕ್ಲೀನರು ಬಡಿದರೆ ಅದೇ ಭಾಷೆ: ಒಂದು ಏಟು ಹೋಗು, ಎರಡು ಏಟು ನಿಲ್ಲು.

"ಯಾಕೆ ಬೀಗರೇ, ಕೂತ ಕಡೆಯೇ ಗಾಡಿ ಒಡೀತೀರಾ?" ಎಂದರು ಬೀಗಿತ್ತಿ.

ಅಳಿಯ ಇನ್ನೂ ಒತ್ತಿದ. ಗಾಡಿಯ ಹೊಟ್ಟೆ ಮರಳಿನ ಮೇಲೆ ಕೂತಿತು.

ಮಗಳು ಪುಟ್ಟಿಯನ್ನು ಎತ್ತಿಕೊಂಡು ಇಳಿದಳು. ಅಳಿಯನೂ ಇಳಿದ. ಬಾಗಿಲುಗಳು ಧಡ್ ಧಡ್ ಎಂದು ಮುಚ್ಚಿದವು. ನಾನು ಒಳಗೆ. ಸೀಟಿನ ಬೆನ್ನು ನನ್ನ ಮೂಗಿನ ಮುಂದೆ, ಅದರ ಹಿಡಿ ಆಚೆ ಬದಿಗೆ. ಎಂಜಿನ್ ನಿಂತ ಮೇಲೆ ತಣ್ಣನೆಯ ಗಾಳಿಯೂ ನಿಂತು ಅಂಗಿ ಬೆನ್ನಿಗೆ ಅಂಟಿತು. ಗಾಜಿನಾಚೆ ಅಳಿಯ ಫೋನನ್ನು ಆಕಾಶಕ್ಕೆ ಎತ್ತಿ ಹಿಡಿದಿದ್ದ. ಅವನ ಹಿಂದೆ ದೂರದಲ್ಲಿ, ಮರಳಿನ ನಡುವೆ ಒಂಟಿಯಾಗಿ ನಿಂತ ಕರಿಬಂಡೆ, ನಮ್ಮ ಲಾರಿಯವರ ಗಡಿಯಾರ. ಕರಿಬಂಡೆಯ ಸುತ್ತ ನೀರು ಬಂದರೆ ಈ ದಾರಿ ಮುಳುಗಲು ಇನ್ನು ಅರ್ಧ ಗಂಟೆ. ನೀರು ಬಂದಿತ್ತು.

ಇಲ್ಲೇ ಒಮ್ಮೆ ನನ್ನ ಜೊತೆಗಾರನ ಲಾರಿ ಹೂತಿತ್ತು. ಮರುದಿನ ಅದರ ತಲೆ ಮಾತ್ರ ಕಾಣುತ್ತಿತ್ತು. ಅವನು ಓಡಿ ಬದುಕಿದ. ಬೀಗಿತ್ತಿ ಓಡುವವರಲ್ಲ. ದಡಕ್ಕೆ ಹತ್ತುವ ಮೆಟ್ಟಿಲು ಒಂದು ಮೈಲಿ ಹಿಂದೆ. ಅವರನ್ನು ಮರಳಿನಲ್ಲಿ ಅಷ್ಟು ದೂರ ಹೊರುವ ತೋಳು ನಮ್ಮಲ್ಲಿ ಯಾರಿಗೂ ಇರಲಿಲ್ಲ.

"ಅಮ್ಮ, ಇಳಿ, ಭಾರ ಕಡಿಮೆ ಆಗ್ಲಿ" ಎಂದ ಅಳಿಯ.

"ಇಳಿದು ಎಲ್ಲಿಗೆ ಹೋಗ್ಲಿ, ಸಮುದ್ರಕ್ಕಾ?" ಎಂದರು ಬೀಗಿತ್ತಿ. ಆಮೇಲೆ ಹಿಂದಿರುಗಿ ನೋಡದೆ, ಮೆಲ್ಲಗೆ ಕೇಳಿದರು: "ಬೀಗರೇ, ನೀವು ಇದ್ದೀರಲ್ಲ?"

"ಇದ್ದೀನಿ. ಎಲ್ಲಿಗೆ ಹೋಗ್ಲಿ?" ಅಂದೆ.

ಹೊರಗೆ ಪುಟ್ಟಿ ಕೂಗಿದಳು: "ಅಮ್ಮಾ, ತಾತ ಒಳಗೇ ಉಳ್ಕೊಂಡ್ರು!"

ಮಗಳು ಓಡಿ ಬಂದು ಸೀಟಿನ ಹಿಡಿ ಎಳೆದಳು. ಅದು ಅರ್ಧ ಮಡಚಿ ಸಿಕ್ಕಿಕೊಂಡಿತು. ಆ ಸಂದಿಯಿಂದ ನಾನು ತೆವಳಿಕೊಂಡು ಹೊರಬಿದ್ದೆ. ಅವಳು ನನ್ನ ಭುಜ ಹಿಡಿದು, "ಅಪ್ಪ, ಮಾತಾಡಪ್ಪ" ಎಂದಳು. ಅಷ್ಟು ಸಾಕಾಯಿತು.

ನಾನು ಮುಂದಿನ ಚಕ್ರದ ಹತ್ತಿರ ಕೂತು ವಾಲ್ವಿನ ಮುಚ್ಚಳ ತೆಗೆದೆ.

"ಮಾವ! ಗಾಳಿ ಯಾಕೆ ಬಿಡ್ತಿದ್ದೀರಾ? ಆಮೇಲೆ ಎಲ್ಲಿ ತುಂಬಿಸೋದು?"

"ಮುಳುಗಿದ ಗಾಡಿಗೆ ಎಲ್ಲಿ ತುಂಬಿಸ್ತೀರಿ?"

ಅವನು ನೀರನ್ನು ನೋಡಿದ. ಹಿಂದಿನ ಚಕ್ರಕ್ಕೆ ಹೋಗಿ ಕೂತ. ಮನೆ ಬೀಗದ ಕೈಯಿಂದ ವಾಲ್ವಿನ ಮೊಳೆ ಒತ್ತಿ ಹಿಡಿದು, ಅರ್ಧ ಗಾಳಿ ಹೋಗಿ ಟಯರು ನೆಲದ ಮೇಲೆ ಚಪಾತಿಯ ಹಾಗೆ ಹರಡುವವರೆಗೂ ಬಿಟ್ಟೆವು. ಹರಡಿದ ಟಯರು ಮರಳನ್ನು ತೋಡುವುದಿಲ್ಲ, ಹಿಡಿಯುತ್ತದೆ. ಮಗಳು, ಪುಟ್ಟಿ ಗಾಡಿಯ ಹೊಟ್ಟೆಯ ಕೆಳಗಿನ ಮರಳನ್ನು ಕೈಯಲ್ಲೇ ಬಾಚಿ ತೆಗೆದರು. ಕಾಲಡಿಯ ಮ್ಯಾಟುಗಳನ್ನು ಕಿತ್ತು ಹಿಂದಿನ ಚಕ್ರಗಳ ಅಡಿಗೆ ಕೊಟ್ಟೆ. ಮೊದಲ ತೆಳು ನೀರು ನಮ್ಮ ಚಪ್ಪಲಿಗೆ ಬಂತು.

ಅಳಿಯನನ್ನು ಸ್ಟಿಯರಿಂಗಿಗೆ ಕಳಿಸಿ ಹೇಳಿದೆ: "ಮುಂದಕ್ಕೆ ಬೇಡ. ಬಂದ ಜಾಡಿನಲ್ಲೇ ಹಿಂದಕ್ಕೆ. ನಾನು ಹೊರಗಿಂದ ಒಂದು ಸಲ ಬಡಿದ್ರೆ ಗಾಡಿ ಬಿಡಿ, ಎರಡು ಸಲ ಬಡಿದ್ರೆ ಕಾಲು ತೆಗೀರಿ. ಮೊಟ್ಟೆ ಮೇಲೆ ಕಾಲಿಟ್ಟ ಹಾಗೆ."

ಒಂದು ಏಟು. ಗಾಡಿ ನಡುಗಿತು. ಚಕ್ರ ಜಾರಿತು, ಎರಡು ಏಟು. ಅವನು ಕಾಲು ತೆಗೆದ. ಮತ್ತೆ ಮರಳು ಬಾಚಿದೆವು. ಒಂದು ಏಟು. ಮೂರನೇ ಸಲ ಗಾಡಿ ಮುದುಕಿಯ ಹಾಗೆ ನಿಧಾನವಾಗಿ ಎದ್ದು, ತನ್ನದೇ ಜಾಡು ಹಿಡಿದು ಹಿಂದೆ ಸರಿದು, ಹಸಿ ಮರಳಿಗೆ ಬಂದು ನಿಂತಿತು. ಒಳಗೆ ಬೀಗಿತ್ತಿ ಎರಡು ಕೈಯಲ್ಲೂ ವಾಕರ್ ಹಿಡಿದುಕೊಂಡೇ ಇದ್ದರು.

ನಿಲ್ಲಲು ಹೊತ್ತಿರಲಿಲ್ಲ. ಮಗಳು ಸೀಟು ಹಿಡಿದಳು, ನಾನು ಮತ್ತೆ ತೆವಳಿ ನನ್ನ ಗೂಡು ಸೇರಿದೆ. ಸೀಟು ಖಟ್ ಎಂದು ಮೂಗಿನ ಮುಂದೆ ಬಂದು ಕೂತಿತು. ಬಾಗಿಲುಗಳು ಮುಚ್ಚಿದವು. ಅದೇ ಗಾಜು, ಅದೇ ಸೂಟ್‌ಕೇಸು. ನೀರು ಆಗಲೇ ಗೋಡೆಯ ಬುಡದಲ್ಲಿ ನಾವು ತೋಡಿದ ಗುಂಡಿಗೆ ಇಳಿಯುತ್ತಿತ್ತು.

ಅಳಿಯ ಎಂಜಿನ್ ಹಾಕಿ ಕೂತ. ಹೊರಡಲಿಲ್ಲ.

"ಏನೋ, ಇನ್ನೇನು ಕಾಯ್ತಿದ್ದೀಯಾ?" ಎಂದರು ಬೀಗಿತ್ತಿ.

ಅವನು ಕನ್ನಡಿಯನ್ನು ಸ್ವಲ್ಪ ತಿರುಗಿಸಿ, ಹಿಂದಿನ ಸಾಲು ಕಾಣುವಂತೆ ಮಾಡಿಕೊಂಡ.

ನಾನು ಗಾಡಿಯ ಮೈಗೆ ಒಂದು ಏಟು ಹಾಕಿದೆ.