ಗೊಂಬೆಗೆ ಹೇಳಿದ ಮಾತು

ಕುಂದಲಹಳ್ಳಿಯ ಆ ಪ್ರೀಸ್ಕೂಲಿನಲ್ಲಿ ಕಸ ಗುಡಿಸುವ ಹೊಳೆವ್ವನ ಮಗಳು ಮಹಾದೇವಿಗೆ ಪುಕ್ಕಟೆ ಸೀಟು ಸಿಕ್ಕಿತ್ತು. ಮುಂದಿನ ವರ್ಷವೂ ಅದು ಉಳಿಯಬೇಕಾದರೆ ದಾನೇಶ್ವರಿ ಟೀಚರ್ ಬರೆಯುವ ಅಬ್ಸರ್ವೇಷನ್ ನೋಟ್ಸಿನಲ್ಲಿ ಮಗು ಚೆನ್ನಾಗಿ ಮಾತಾಡುತ್ತದೆ, ಕಲಿಯುತ್ತದೆ ಎಂದಿರಬೇಕು. "ಕಣ್ಣಿಗೆ ಕಂಡಿದ್ದು, ಕಿವಿಗೆ ಬಿದ್ದಿದ್ದು, ಇದ್ದದ್ದು ಇದ್ದ ಹಾಗೇ ಬರೀರಿ. ನಿಮ್ಮ ಅಭಿಪ್ರಾಯ ಬೇಡ," ಎಂದು ಒಡತಿ ಈಶ್ವರಮ್ಮ ಕಟ್ಟುನಿಟ್ಟಾಗಿ ಹೇಳಿದ್ದರು.

ದಾನೇಶ್ವರಿ ಹಾಗೇ ಬರೆದಳು. ಹೆಸರು ಕೇಳಿದರೂ ಮಹಾದೇವಿ ಮಾತಾಡಲಿಲ್ಲ. ಬಿದ್ದು ಮೊಣಕಾಲು ತರಚಿದರೂ ಬಾಯಿ ಬಿಡಲಿಲ್ಲ. ಬಾಯಿದ್ದವ ಬರಗಾಲದಲ್ಲೂ ಬದುಕಿದ ಅನ್ನುತ್ತಾರೆ. ಈ ಕೂಸಿನ ಬಾಯಿಗೆ ಬೀಗ ಬಿದ್ದಿತ್ತು.

ಬೀಗ ಹಾಕಿದ್ದು ಯಾರೆಂದು ಮಾತ್ರ ಆ ಮಹಾತಾಯಿ ಬರೆಯಲಿಲ್ಲ. ಮೊದಲ ದಿನ ಮಹಾದೇವಿ ಎದ್ದು ನಿಂತು, "ಅಕ್ಕೋರ, ನನಗ ನೀರಡಿಕಿ ಆಗೇತ್ರಿ," ಅಂದಿದ್ದಳು. ಮಕ್ಕಳು ಪಿಳಿಪಿಳಿ ನೋಡಿದವು. ನಕ್ಕವಳು ಟೀಚರ್. ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದು ಕಂಡು ಮಕ್ಕಳೂ ನಕ್ಕವು. ಈ ಟೀಚರೇನು ಅರಮನೆಯಲ್ಲಿ ಹುಟ್ಟಿದವಳೇ? ಇಂಡಿ ಕಡೆಯ ಹಳ್ಳಿಯಲ್ಲಿ 'ಆಗೇತ್ರಿ' ಅಂತಲೇ ಬೆಳೆದವಳು. ಇಲ್ಲಿ ಯಾರಿಗೂ ಅದು ಗೊತ್ತಾಗಬಾರದೆಂದು ಅಷ್ಟು ಜೋರಾಗಿ ನಕ್ಕಳು. ಕಳ್ಳನ ಮನಸ್ಸು ಹುಳ್ಳುಳ್ಳಗೆ.

ನೋಟ್ಸ್ ಒಪ್ಪಿಸುವ ಹಿಂದಿನ ದಿನ ಮಹಾದೇವಿ ಆಟದ ಮೂಲೆಯಲ್ಲಿ ಗೊಂಬೆಯನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕೂತಿದ್ದಳು. ದಾನೇಶ್ವರಿ ಕಪಾಟಿನ ಹಿಂದೆ ನಿಂತು ಕೇಳಿಸಿಕೊಂಡಳು.

"ನೀರಡಿಕಿ ಆದ್ರ ತಡಕೋ, ಬಂಗಾರಿ. ಮಾತಾಡಬ್ಯಾಡ. ಅಕ್ಕೋರು ನಗತಾರ. ಮನಿಗಿ ಹೋದ ಮ್ಯಾಲ ಅವ್ವ ನೀರು ಕೊಡತಾಳ."

ಒಂದು ಅಕ್ಷರವೂ ತೊದಲಲಿಲ್ಲ. ಇದಿಷ್ಟನ್ನು ಬರೆದರೆ ಸೀಟು ಉಳಿಯುತ್ತದೆ. ದಾನೇಶ್ವರಿ ಪೆನ್ನಿನ ಮುಚ್ಚಳವನ್ನೂ ತೆಗೆದಳು. ಆದರೆ ಇದ್ದ ಹಾಗೇ ಬರೆಯಬೇಕಲ್ಲ! ಯಾವ ಟೀಚರ್ ನಕ್ಕಿದ್ದು ಎಂದು ಈಶ್ವರಮ್ಮ ಕೇಳದೆ ಬಿಡುತ್ತಾರೆಯೇ? ಅವಳು ಬರೆದಳು: ಗೊಂಬೆಯ ಜೊತೆ ಆಡಿದಳು. ಮಾತಾಡಲಿಲ್ಲ.

ಮರುದಿನ ಸಂಜೆ ಹೊಳೆವ್ವ ಪೊರಕೆ ಮೂಲೆಗಿಟ್ಟು, ಮಗಳ ಕೈ ಹಿಡಿದು ಬಂದಳು. ಮುಖದಲ್ಲಿ ಹಿಗ್ಗು.

"ಮೇಡಂ ಆಫೀಸಿಗೆ ಕರದಾರ್ರಿ. ಸೀಟು ಉಳೀತೇನ್ರಿ, ಅಕ್ಕೋರ? ವರ್ಷ ಪೂರಾ ಒಂದ್ ಮಾತಾಡಿಲ್ಲ ನೋಡ್ರಿ ನನ್ನ ಮಗಳು. ಮೊದಲನೇ ದಿನಾನ ಅಳಕೋತ ಬಂದ್ಲು. ನಮ್ಮ ಮಾತು ಕೇಳಿದ್ರ ಸಾಲಿ ಬಿಡಸ್ತಾರ, ಸುಮ್ಮ ಕುಂದರು ಅಂತ ನಾನಽ ಹೇಳೀನ್ರಿ."

"ತುಂಬಾ ಒಳ್ಳೆ ಹುಡುಗಿ ಕಣಮ್ಮ," ಎಂದಳು ದಾನೇಶ್ವರಿ, ಅಚ್ಚ ಬೆಂಗಳೂರು ಕನ್ನಡದಲ್ಲಿ. "ಹೋಗಿ, ಮೇಡಂ ಕಾಯ್ತಿದಾರೆ."

ಹೊಳೆವ್ವ ಸೆರಗಿಗೆ ಕೈ ಒರೆಸಿಕೊಂಡು ಆಫೀಸಿನ ಒಳಗೆ ಹೋದಳು. ಮಹಾದೇವಿ ಬಾಗಿಲಾಚೆ ತುಟಿ ಬಿಗಿಹಿಡಿದು ನಿಂತಳು, ಅವ್ವ ಹೇಳಿಕೊಟ್ಟ ಹಾಗೆ.