ಒಂದೂ ಲೇಟಿಲ್ಲದ ಹಾಳೆ

ನನ್ನ ಓದಿನ ಯೋಜನೆ ಹಾಕಿಕೊಡು ಎಂದು ಅಪ್ಪನಿಗೆ ಹೇಳಿದ್ದು ನಾನೇ. ಈ ಬಾಯಿಂದಲೇ ಹೇಳಿದ್ದು. ಯಾರನ್ನು ಬೈಯಲಿ?

ಅಪ್ಪ ಬಸಯ್ಯ ಹುನಗುಂದದ ಬಸ್ ಸ್ಟ್ಯಾಂಡಿನಲ್ಲಿ ಇಪ್ಪತ್ತಾರು ವರ್ಷ ಕಂಟ್ರೋಲರ್ ಆಗಿದ್ದ. ಯಾವ ಗಾಡಿ ಎಷ್ಟಕ್ಕೆ ಬಂತು, ಎಷ್ಟಕ್ಕೆ ಬಿಟ್ಟಿತು ಎಂದು ಹಾಳೆಯಲ್ಲಿ ಬರೆದುಕೊಳ್ಳುವುದು ಅವನ ಕೆಲಸ. ನಿವೃತ್ತನಾಗಿ ಎರಡು ವರ್ಷವಾಯಿತು, ಚಟ ಮಾತ್ರ ಬಿಟ್ಟಿಲ್ಲ. ಅವ್ವ ಅನ್ನಕ್ಕೆ ಇಟ್ಟರೂ ಗಡಿಯಾರ ನೋಡುತ್ತಾನೆ.

ನಾನು ಇಳಕಲ್ಲಿನ ಒಂದು ಸೀರೆ ಅಂಗಡಿಯಲ್ಲಿ ಆನ್‌ಲೈನ್ ಆರ್ಡರ್ ನೋಡಿಕೊಳ್ಳುತ್ತೇನೆ. ಫೋಟೋದಲ್ಲಿ ಕೆಂಪಿತ್ತು, ಬಂದದ್ದು ಮೆರೂನ್ ಎಂಬ ಜಗಳ ದಿನಕ್ಕೆ ಹತ್ತು. ಜಗಳ ಬಿಡಿಸುತ್ತ ಬಿಡಿಸುತ್ತ ನನಗೆ ವ್ಯಾಪಾರದ ಹುಚ್ಚು ಹತ್ತಿತು. ನನ್ನ ಕೈಗೆ ಕೊಟ್ಟರೆ ಇದನ್ನು ಮಾಲೀಕರಿಗಿಂತ ಚೆನ್ನಾಗಿ ನಡೆಸುತ್ತೇನೆ ಅನ್ನಿಸತೊಡಗಿತು. ನವೆಂಬರಿನಲ್ಲಿ ಎಂಬಿಎ ಪ್ರವೇಶ ಪರೀಕ್ಷೆ ಬರೆಯುತ್ತೇನೆ ಎಂದೆ. ಜೀವನದಲ್ಲಿ ನಾನಾಗಿ ಬೇಕೆಂದು ಕೇಳಿದ್ದು ಅದೊಂದೇ.

ಅಪ್ಪ ಎರಡು ದಿನ ಕೂತು ಬಸ್ಸಿನದರಂತೆಯೇ ವೇಳಾಪಟ್ಟಿ ಬರೆದ. ಬೆಳಿಗ್ಗೆ 4.35ಕ್ಕೆ ಗಣಿತ ಬಿಡುವುದು, 5.50ಕ್ಕೆ ಮುಟ್ಟುವುದು. 5.55ಕ್ಕೆ ಇಂಗ್ಲಿಷ್. ಇಳಕಲ್ಲಿನ ಬಸ್ಸಿನಲ್ಲಿ ಹೋಗುವಾಗ ಹೊಸ ಶಬ್ದ, ಬರುವಾಗ ಹಳೆ ಶಬ್ದ. ಸಂಜೆ ಏಳಕ್ಕೆ ಒಗಟಿನ ಲೆಕ್ಕ. ಪ್ರತಿ ಸಾಲಿನ ಮುಂದೆ ಎರಡು ಖಾನೆ, ನಾನು ನಿಜವಾಗಿ ಶುರು ಮಾಡಿದ್ದು ಎಷ್ಟಕ್ಕೆ, ಮುಗಿಸಿದ್ದು ಎಷ್ಟಕ್ಕೆ ಎಂದು ಬರೆಯಲು.

"ಅಪ್ಪಾ, ಇದರಾಗ ಜಳಕಕ್ಕ ಟೈಮ್ ಎಲ್ಲೈತಿ?"

"ಏಳಕ್ಕ ನೋಡು. ಏಳ ನಿಮಿಷ ಕೊಟ್ಟೀನಿ."

"ಏಳ ನಿಮಿಷದಾಗ ನನ್ನ ಕೂದಲಾನೂ ತೋಯೂದಿಲ್ಲ!"

"ನಿಮ್ಮಪ್ಪನ ತಲ್ಯಾಗ ಕೂದಲ ಎಲ್ಲದಾವ, ಅವಗೇನ ತಿಳೀತೈತಿ," ಎಂದು ಅವ್ವ ಒಳಗಿಂದಲೇ ಅಂದಳು. ಅಪ್ಪ ಕೇಳಿಸದವನಂತೆ ಹಾಳೆಯನ್ನು ಗೋಡೆಗೆ ಅಂಟಿಸಿದ, ದಿನಕ್ಕೊಂದು ತುಂಬಿಕೊಡಲು ಅದರ ಜೆರಾಕ್ಸ್ ಕಟ್ಟನ್ನು ನನ್ನ ಕೈಗಿಟ್ಟ.

ಮೊದಲ ಎರಡು ದಿನ ಹೇಗೋ ಓಡಿತು. ಮೂರನೆಯ ದಿನ ಗಣಿತದ ಪುಸ್ತಕದ ಮೇಲೆ ಮಲಗಿಬಿಟ್ಟೆ. ಗೌರಿ ಹಬ್ಬದ ಆರ್ಡರುಗಳ ಗದ್ದಲದಲ್ಲಿ ಅಂಗಡಿ ಬಿಟ್ಟಾಗಲೇ ಏಳೂವರೆ. ಮನೆಗೆ ಬಂದು ಹಾಳೆ ಮುಂದಿಟ್ಟುಕೊಂಡೆ. ಖಾಲಿ ಖಾನೆಗಳನ್ನು ಅಪ್ಪನಿಗೆ ತೋರಿಸುವುದು ಹೇಗೆ? ಬಿಟ್ಟದ್ದು 4.35, ಮುಟ್ಟಿದ್ದು 5.50 ಎಂದು ಬರೆದೆ. ಬಿಟ್ಟುಹೋದ ಪಾಠವನ್ನು ನಾಳೆ ಓದಿದರಾಯಿತು ಅಂದುಕೊಂಡೆ.

ನಾಳೆಗೆ ನಾಳೆಯದೇ ಪಾಠವಿತ್ತು. ಎರಡನ್ನೂ ಸೇರಿಸಿ ಓದಲು ಹೋಗಿ ಎರಡೂ ಆಗಲಿಲ್ಲ. ನಾಡಿದ್ದಿಗೆ ಮೂರಾಯಿತು. ಓದು ಅರ್ಧಕ್ಕರ್ಧ ನಿಂತಿತು, ಹಾಳೆ ಮಾತ್ರ ದಿನವೂ ಚೆಂದ ತುಂಬುತ್ತಿತ್ತು. ಊಟವಾದ ಮೇಲೆ ಅಪ್ಪ ಕನ್ನಡಕ ಹಾಕಿಕೊಂಡು ಅದನ್ನು ಓದಿ "ಹ್ಞೂಂ" ಎನ್ನುತ್ತಿದ್ದ, ಫೈಲಿಗೆ ಸೇರಿಸುತ್ತಿದ್ದ. ಆ ಒಂದು ಹ್ಞೂಂ ಕೇಳಿದೊಡನೆ ನಾನು ತಟ್ಟೆ ತೊಳೆಯುವ ನೆಪದಲ್ಲಿ ಎದ್ದು ಹೋಗುತ್ತಿದ್ದೆ.

ಹತ್ತೊಂಬತ್ತನೆಯ ದಿನ ಭಾನುವಾರ. ಕಂಪ್ಯೂಟರಿನಲ್ಲಿ ಮಾಕ್ ಟೆಸ್ಟ್ ಬರೆದೆ. ನೂರಾ ತೊಂಬತ್ತೆಂಟಕ್ಕೆ ಹದಿನಾಲ್ಕು ಬಂತು. ಅಯ್ಯೋ ಶಿವನೇ! ಕಣ್ಣು ಮುಚ್ಚಿ ಗುರುತು ಹಾಕಿದ್ದರೂ ಇದಕ್ಕಿಂತ ಹೆಚ್ಚು ಬರುತ್ತಿತ್ತೇನೋ. ಈ ಪರೀಕ್ಷೆ ನನ್ನ ಪಾಲಿಗೆ ಮುಗಿಯಿತು ಅನ್ನಿಸಿತು. ರಾತ್ರಿ ಅಪ್ಪ ಆ ದಿನದ ಹಾಳೆಗೂ ಹ್ಞೂಂ ಅಂದ ಮೇಲೆ, ಇನ್ನು ಹೇಳಿಬಿಡುವುದೇ ಸೈ ಎಂದು ಹೊರಗೆ ಬಂದೆ. ಅಪ್ಪ ಕಟ್ಟೆಯ ಮೇಲೆ ಕೂತು ಹಸಿ ಶೇಂಗಾ ಸುಲಿಯುತ್ತಿದ್ದ.

"ಅಪ್ಪಾ, ನಾ ಪರೀಕ್ಷಾ ಬರಿಯೂದಿಲ್ಲ."

"ಯಾಕ?"

"ನನ್ನ ಕೈಲೆ ಆಗೂದಿಲ್ಲ. ಆ ಹಾಳ್ಯಾಗ ಬರದದ್ದೆಲ್ಲಾ ಸುಳ್ಳು. ಹತ್ತೊಂಬತ್ತ ದಿನಾ ಸುಳ್ಳ ಬರದೀನಿ."

ಹೇಳುತ್ತಲೇ ಅಳು ಬಂತು. ಇನ್ನು ಬೈಗುಳ ಶುರುವಾಗುತ್ತದೆ ಎಂದು ಕಾದೆ.

"ಹದಿನೇಳು," ಎಂದ ಅಪ್ಪ.

"ಏನು?"

"ಹದಿನೇಳ ದಿನಾ ಸುಳ್ಳು. ಮೊದಲಿನ ಎರಡ ದಿನ ಖರೆ ಅದಾವ. ಒಂದ್ರಾಗ ನಾಕ ನಿಮಿಷ ಲೇಟು, ಇನ್ನೊಂದ್ರಾಗ ಹನ್ನೊಂದ ನಿಮಿಷ ಲೇಟು. ಮೂರನೇ ದಿನದಿಂದ ಒಂದೂ ಲೇಟಿಲ್ಲ. ಇಪ್ಪತ್ತಾರ ವರ್ಷದಾಗ ಎಲ್ಲಾ ಗಾಡಿ ಟೈಮಿಗೆ ಬಂದ ದಿನಾ ನಾ ಒಂದೂ ನೋಡಿಲ್ಲ ಯವ್ವಾ. ಒಂದೂ ಲೇಟಿಲ್ಲದ ಹಾಳಿ ಅಂದ್ರ ಗಾಡಿ ನೋಡದ ಕುಂತ ಬರದ ಹಾಳಿ."

ಕಣ್ಣೀರು ಅಲ್ಲೇ ನಿಂತಿತು, ಸಿಟ್ಟು ನೆತ್ತಿಗೇರಿತು. "ಗೊತ್ತಿದ್ದೂ ಸುಮ್ಮ ಕುಂತಿ? ನಾ ಇಲ್ಲೆ ದಿನಾ ಸಾಯಾಕತ್ತಿದ್ದೆ, ನೀ ಕನ್ನಡಕ ಹಾಕ್ಕೊಂಡು ಹ್ಞೂಂ ಹ್ಞೂಂ ಅಂತಿದ್ದಿ?"

"ಯಾಕ ಹಂಗ ಒದರಾಕತ್ತಿ, ಓಣಿ ಮಂದಿ ಎಲ್ಲಾ ಕೇಳ್ಯಾರು," ಎಂದು ಅವ್ವ ಬಾಗಿಲಿಗೆ ಬಂದಳು. ನನ್ನ ಮುಖ ನೋಡಿದವಳು ನೀರು ತಂದು ಕೊಟ್ಟಳು.

ಅಪ್ಪ ಒಳಗೆ ಹೋಗಿ ಗೋಡೆಯ ಮೇಲಿನ ಹಾಳೆ ಕಿತ್ತು ತಂದ, ಜೊತೆಗೊಂದು ಕೆಂಪು ಪೆನ್ನು. "ಗಾಡಿ ತೀರಾ ಲೇಟಾದ್ರ ನಾವೇನ ಮಾಡ್ತಿದ್ವಿ ಗೊತ್ತೈತೇನು? ಒಂದ ಟ್ರಿಪ್ ಕಟ್ ಮಾಡ್ತಿದ್ವಿ. ಬಾಗಲಕೋಟಿಗೆ ಹೋಗೂದು ಒಂದ ಬಿಟ್ರ ಮುಂದಿನ ನಾಕು ಟೈಮಿಗೆ ಹೋಗ್ತಾವ. ಬಿಟ್ಟ ಟ್ರಿಪ್ಪು ಮರುದಿನ ಓಡಸೂದಿಲ್ಲ. ಅದು ಹೋತು, ಅಷ್ಟ."

"ಹಂಗಾರ ನನ್ನ ಹದಿನೇಳ ದಿನದ ಬಾಕಿ ಪಾಠ?"

"ಹೋತು ಅಂದ್ನೆಲ್ಲಾ."

ತುಂಬಿದ ಕೊಡ ತಲೆಯಿಂದ ಇಳಿಸಿದಂತಾಯಿತು ನನಗೆ. ಅಷ್ಟು ಸುಲಭವೇ? ಅಷ್ಟೂ ದಿನ ಆ ಬಾಕಿಯನ್ನೇ ಹೊತ್ತು ಓಡಾಡಿದ್ದೆ.

"ಯಾವುದು ಸುತಾರಾಂ ಬರೂದಿಲ್ಲ?" ಎಂದು ಕೇಳಿದ.

"ರೇಖಾಗಣಿತ."

"ಕಟ್." ಕೆಂಪು ಗೆರೆ ಬಿತ್ತು.

"ಬಸ್ಸಿನ್ಯಾಗ ಓದಿದ್ರ ತಲಿ ತಿರಗತೈತಿ."

"ಕಟ್."

"ನಸುಕಿನ್ಯಾಗ ಏಳೂದು..."

"ಐದೂವರಿಗೆ ಎದ್ರ ಸಾಕು." 4.35 ಹೋಯಿತು. ಅವ್ವ ಪಕ್ಕದಲ್ಲಿ ಕೂತು, "ಅಂಗಡ್ಯಾಗ ಹಬ್ಬದ ಗದ್ದಲ ಇದ್ದ ದಿನಾ ಸಂಜೀದೂ ಕಟ್ ಮಾಡ್ರಿ," ಎಂದಳು. ಅದೂ ಕಟ್ ಆಯಿತು. ಹನ್ನೊಂದು ಸಾಲಿದ್ದ ಹಾಳೆಯಲ್ಲಿ ನಾಲ್ಕು ಉಳಿದವು. ನಾಲ್ಕನ್ನೂ ಎರಡೆರಡು ಸಲ ಓದಿ ನೋಡಿದೆ. ಇಷ್ಟು ನನ್ನ ಕೈಲಾಗುತ್ತದೆ. ಇನ್ನೂ ಹತ್ತು ವಾರವಿದೆ, ಪರೀಕ್ಷೆ ಬರೆಯಬಹುದು! ಖುಷಿಗೆ ಅಪ್ಪನ ಮುಂದಿನ ಶೇಂಗಾವನ್ನೆಲ್ಲ ಬಾಚಿ ತಿಂದೆ.

ತಿನ್ನುತ್ತಲೇ ಕೇಳಿದೆ, "ಆದ್ರೂ ಮೂರನೇ ದಿನಾನ ಯಾಕ ಕೇಳಲಿಲ್ಲ ಅಪ್ಪಾ?"

ಅಪ್ಪ ಶೇಂಗಾ ಸಿಪ್ಪೆಗಳನ್ನು ಒಂದೆಡೆ ಗುಡಿಸಿದ. ಅವನ ಕಿವಿಗಳು ಕೆಂಪಾಗಿದ್ದವು.

"ಕೇಳಿದ್ರ, ಟೈಮ್‌ಟೇಬಲ್ಲ ನಾನ ತಪ್ಪ ಬರದೀನಿ ಅಂತ ಮೊದಲ ಒಪ್ಪಬೇಕಿತ್ತು. ದಿನಾ ನೀ ಹಾಳಿ ಕೊಟ್ಟಾಗ, ಇವತ್ತರೆ ಇಕಿನ ಖರೆ ಬರದಿರತಾಳ, ನನ್ನ ತಪ್ಪ ನಾ ಹೇಳೂದು ಉಳೀತೈತಿ ಅಂತ ನೋಡ್ತಿದ್ದೆ. ಕೇಳಾಕ ಬಾಯೇ ಬರಲಿಲ್ಲ ಯವ್ವಾ."

ನಾನು ತಲೆ ತಗ್ಗಿಸಿ ಹಾಳೆ ಕೊಡುತ್ತಿದ್ದಾಗ ಅಪ್ಪನ ಮುಖ ಒಮ್ಮೆಯೂ ನೋಡಿರಲಿಲ್ಲ. ನೋಡಿದ್ದರೆ ಇಬ್ಬರೂ ಸಿಕ್ಕಿಬೀಳುತ್ತಿದ್ದೆವು. ನನಗೆ ಅವನ ಮೇಲೆ ಎಷ್ಟು ಅಕ್ಕರೆ ಬಂತೆಂದರೆ, ಜಗಳವಾಡದೆ ಬೇರೆ ದಾರಿಯೇ ಇರಲಿಲ್ಲ.

"ಅಂದ್ರ ನೀ ಹದಿನಾರ ದಿನಾ ಲೇಟು," ಎಂದೆ.

ಅಪ್ಪ ಕೆಂಪು ಪೆನ್ನನ್ನು ನನ್ನ ಕೈಗೆ ಕೊಟ್ಟ.

"ಬರಕೋ," ಎಂದ.