ಕಿಲ್ಲೇದಾರನ ಮಾರಿ

ಭಾಗಣ್ಣ ಮಾಸ್ತರನ ಮೇಲೆ ನನಗಿದ್ದ ಸಿಟ್ಟು ಒಂದು ದಿನಕ್ಕೂ ತಣ್ಣಗಾಗಲಿಲ್ಲ. ಆಗಲು ನಾನು ಬಿಟ್ಟರೆ ತಾನೆ! ದಿನಾ ಬೆಳಿಗ್ಗೆ ಅಂಗಡಿಯ ಷಟರ್ ಎತ್ತುವಾಗ ಅವನನ್ನೊಮ್ಮೆ ನೆನೆದು, ಬಾಯಿತುಂಬ ಬೈದೇ ಒಳಗೆ ಕಾಲಿಡುತ್ತಿದ್ದೆ. ಎದುರಿಗೆ ಸಿಕ್ಕರೆ ‘ನಮಸ್ಕಾರ್ರಿ ಮಾಸ್ತರ್ರ’ ಅನ್ನುತ್ತಿದ್ದೆ, ಆ ಮಾತು ಬೇರೆ.

ನಾನು ಮೌನೇಶ್ವರಿ. ಸುರಪುರದ ಬಸ್ ಸ್ಟ್ಯಾಂಡಿನ ಎದುರಿಗೆ ನಾನೂ ನನ್ನ ಗೆಳತಿ ಫರ್ಹತಳೂ ಸೇರಿ ಝೆರಾಕ್ಸ್ ಅಂಗಡಿ ನಡೆಸುತ್ತೇವೆ. ಗಿರಾಕಿ ಇಲ್ಲದ ಹೊತ್ತಿನಲ್ಲಿ ಅಲ್ಲಿನ ಕಂಪ್ಯೂಟರಿನಲ್ಲೇ ನಾನು ಹೈಸ್ಕೂಲು ವಯಸ್ಸಿನ ಹುಡುಗ ಹುಡುಗಿಯರಿಗಾಗಿ ಕಾದಂಬರಿ ಬರೆಯುತ್ತೇನೆ. ನನ್ನ ಅವ್ವ ಭೀಮವ್ವ ಕೃಷ್ಣಾ ದಂಡೆಯವಳು. ಹೊಳೆಮೀನು ತಂದು ಹುಣಸಗಿ ಸಂತೆಯಲ್ಲಿ ಮಾರುತ್ತಾಳೆ. ಅವಳಿಗೆ ಓದಲು ಬರುವುದಿಲ್ಲ, ಆದರೂ ನನ್ನ ಮೊದಲ ಪುಸ್ತಕ ಅಚ್ಚಾಗಿ ಬಂದಾಗ ಅದನ್ನು ಮಡಿಲಲ್ಲಿಟ್ಟುಕೊಂಡು ಒಂದೊಂದೇ ಹಾಳೆ ತಿರುವಿ ನೋಡಿದ್ದಳು.

ಆ ಪುಸ್ತಕದ ಬಿಡುಗಡೆಗೆ ಭಾಗಣ್ಣನೇ ಮುಖ್ಯ ಅತಿಥಿ. ಈ ಊರಿನಲ್ಲಿ ಯಾರ ಪುಸ್ತಕ ಬಿಡುಗಡೆಯಾದರೂ ಅವನೇ ಬರಬೇಕು. ಶಾಲು ಹೊದಿಸಿಕೊಂಡೂ ಹೊದಿಸಿಕೊಂಡೂ ಅವನ ಹೆಗಲೇ ಒಂದು ಕಡೆ ವಾಲಿದೆ. ಅವತ್ತು ನಾನು ಹೊದಿಸಿದ ಶಾಲನ್ನೂ ಹೊದ್ದುಕೊಂಡು ಮೈಕ್ ಮುಂದೆ ನಿಂತ. ಪುಸ್ತಕ ತೆರೆದ. ಎರಡು ಬೆರಳಿಂದ ಮೂಗು ಹಿಡಿದುಕೊಂಡ.

“ಏನ್ರಿ ಇದು! ಪುಸ್ತಕ ತಗದ್ರ ಹೊಳಿಮೀನಿನ ವಾಸನಿ ಗಪ್ಪಂತ ಬರ್ತದ. ಇನ್ನ ಮ್ಯಾಲ ಸಾಹಿತ್ಯನೂ ಸಂತ್ಯಾಗ ತಕ್ಕಡಿ ಹಚ್ಚಿ ಮಾರ್ತಾರ ಬಿಡ್ರಿ.”

ಸಭೆ ಬಿದ್ದು ಬಿದ್ದು ನಕ್ಕಿತು. ಮುಂದಿನ ಸಾಲಿನಲ್ಲಿ ಹೊಸ ಇಳಕಲ್ ಸೀರೆ ಉಟ್ಟು ಕುಳಿತಿದ್ದ ನನ್ನ ಅವ್ವ ಎಲ್ಲರಿಗಿಂತ ಜೋರಾಗಿ ನಕ್ಕಳು, ಚಪ್ಪಾಳೆಯನ್ನೂ ತಟ್ಟಿದಳು. ಊರಿಗೆ ಹೋಗುವ ಬಸ್ಸಿನಲ್ಲಿ ನನ್ನ ತೊಡೆ ತಟ್ಟಿ, “ನೋಡಿದೇನವ್ವ, ಅಂಥಾ ದೊಡ್ಡ ಮನಿಷಾ ತುಂಬಿದ ಸಭಾದಾಗ ನಮ್ಮ ಮೀನು ನೆನಿಸಿದ!” ಎಂದಳು. ಅವಳಿಗೆ ತಿಳಿದಿರಲಿಲ್ಲ. ತಿಳಿಸಲು ನನಗೆ ಬಾಯಿ ಬರಲಿಲ್ಲ. ಅಂದಿನಿಂದ ಸಂತೆಯಲ್ಲಿ ಬಂದವರಿಗೆಲ್ಲ ಅವಳದು ಇದೇ ಮಾತು: “ತಗೋರಿ, ಇದು ಮಾಸ್ತರ್ರು ಮೈಕಿನ್ಯಾಗ ಹೊಗಳಿದ ಮೀನು.” ನನಗೆ ಅಂದಿದ್ದರೆ ನುಂಗುತ್ತಿದ್ದೆ. ನನ್ನ ಅವ್ವನನ್ನು ನಗಿಸಿ ನಕ್ಕನಲ್ಲ, ಅದಕ್ಕೆ ಮಾಫಿ ಇಲ್ಲ ಎಂದು ತೀರ್ಮಾನಿಸಿದೆ.

ಎರಡನೆಯ ಕಾದಂಬರಿಯನ್ನು ಪುಸ್ತಕ ಮಾಡುವ ಮೊದಲು ನನ್ನ ಇನ್‌ಸ್ಟಾಗ್ರಾಂ ಪುಟದಲ್ಲಿ ವಾರವಾರ ಹಾಕುತ್ತ ಬಂದೆ. ವನದುರ್ಗದ ಕೋಟೆಯಲ್ಲಿ ನಡೆಯುವ ಕಥೆ. ಸೆರೆಯಾದ ಅಣ್ಣನನ್ನು ಬಿಡಿಸಲು ಹೊರಟ ಹುಡುಗಿಯೊಬ್ಬಳು, ಅವಳನ್ನು ಕಾಡುವ ಕೋಟೆಯ ಅಧಿಕಾರಿ ಕಿಲ್ಲೇದಾರನೊಬ್ಬ. ಈ ಕಿಲ್ಲೇದಾರ ಮಾತಿಗೆ ಮೊದಲು ಕಿರುಬೆರಳಿನಿಂದ ಮೀಸೆ ಬಾಚಿಕೊಳ್ಳುತ್ತಾನೆ, ಹೆಗಲ ಶಾಲು ಜಾಡಿಸುತ್ತಾನೆ, ಬಡವರು ಎದುರು ಬಂದರೆ ಒಂದೇ ಹುಬ್ಬು ಮೇಲೇರಿಸುತ್ತಾನೆ. ಮುಖ ಹೇಗಿದೆ ಎಂದು ಮಾತ್ರ ನಾನು ಎಲ್ಲೂ ಬರೆಯಲಿಲ್ಲ. “ಕಿಲ್ಲೇದಾರನ ಮಾರಿ ನೀವೇ ಬರದು ಕಳಸ್ರಿ. ರವಿವಾರ ನಿಮ್ಮ ಹೆಸರು ಹಾಕಿ ತೋರಿಸ್ತೀನಿ” ಎಂದು ಓದುವ ಮಕ್ಕಳಿಗೆ ಹೇಳಿದೆ.

ಚಿತ್ರಗಳು ಬಂದವು ನೋಡಿ! ಯಾದಗಿರಿಯ ಹುಡುಗಿಯೊಬ್ಬಳು ಅವನ ಕೈಗೆ ಮಿರ್ಚಿ ಭಜಿ ಕೊಟ್ಟಿದ್ದಳು. ಶಹಾಪುರದ ಹುಡುಗ ಅವನನ್ನು ಸ್ಕೂಟರ್ ಮೇಲೆ ಕೂರಿಸಿದ್ದ. ರವಿವಾರ ಬಂತೆಂದರೆ ನಾನೂ ಫರ್ಹತಳೂ ಚಹಾ ತರಿಸಿಕೊಂಡು ಒಂದೊಂದನ್ನೇ ಪುಟಕ್ಕೆ ಏರಿಸುತ್ತಿದ್ದೆವು. ಸುರಪುರದ ಮಕ್ಕಳಿಗೆ ಗುರುತು ಹತ್ತಲು ತಡವಾಗಲಿಲ್ಲ. ಭಾಗಣ್ಣನ ಶಾಲೆಯವರು ಕೆಳಗೆ ಬರೆಯತೊಡಗಿದರು: ‘ಏ, ಇವ್ರು ನಮ್ಮ ಸಾಲ್ಯಾಗ ಅದಾರಲೇ!’ ಆಮೇಲೆ ಅವನು ಬಜಾರಿನಲ್ಲಿ ಹಾದರೆ ಪಾನ್ ಅಂಗಡಿಯವರೂ ‘ಕಿಲ್ಲೇದಾರ ಬಂದಾನ’ ಎಂದು ಪಿಸುಗುಟ್ಟುವುದಾಯಿತು. ಅವನ ಕೈಯಲ್ಲಿರುವುದು ಬಟನ್ ಫೋನು. ಊರಿಗೆಲ್ಲ ಗೊತ್ತಿದ್ದದ್ದು ಅವನೊಬ್ಬನಿಗೆ ಗೊತ್ತಿರಲಿಲ್ಲ. ಆಹಾ, ನನಗೆ ಉಂಡ ಅನ್ನ ಮೈಗೆ ಹತ್ತತೊಡಗಿತು.

ಹೀಗಿರುವಾಗ ಒಂದು ಸಂಜೆ ಯೂನಿಫಾರಂ ತೊಟ್ಟ ಹುಡುಗಿಯೊಬ್ಬಳು ಅಂಗಡಿಗೆ ಬಂದಳು. ಒಂಬತ್ತನೆಯ ಇಯತ್ತೆ ಇರಬೇಕು.

“ಅಕ್ಕಾರ, ನಾನು ಭಾರತಿರಿ. ಪ್ರತಿ ವಾರ ಚಿತ್ರ ಕಳಸ್ತೀನಲ್ರಿ?”

ನಾನು ಎದ್ದೇ ನಿಂತೆ. ಭಾರತಿ, ಸುರಪುರ! ನನ್ನ ಕಥಾನಾಯಕಿಯನ್ನು ನನಗಿಂತ ಚೆನ್ನಾಗಿ ಬಲ್ಲ ಹುಡುಗಿ. ಅವಳು ಬರೆದ ನಾಯಕಿಯ ಕಣ್ಣು ನೋಡಿ ನಾನು ಒಂದು ಅಧ್ಯಾಯವನ್ನೇ ತಿದ್ದಿ ಬರೆದಿದ್ದೆ. ಸುರಪುರದ ಹಳೆಯ ಚಿತ್ರಗಳಲ್ಲಿ ಇರುವಂತೆ ಅಂಚಿಗೆ ಸಣ್ಣ ಬಂಗಾರದ ಗೆರೆ ಎಳೆಯುವುದು ಅವಳ ಪದ್ಧತಿ. ಅವಳು ಪೇಪರಿನಲ್ಲಿ ಸುತ್ತಿ ತಂದ ಡ್ರಾಯಿಂಗ್ ಹಾಳೆಯನ್ನು ಕೌಂಟರ್ ಮೇಲೆ ಬಿಚ್ಚಿದಳು.

ಭಾಗಣ್ಣ. ಮೀಸೆ, ಶಾಲು, ಮೇಲೇರಿದ ಹುಬ್ಬು, ಮೂಗಿನ ಪಕ್ಕದ ನರಹುಲಿ ಸಮೇತ ಭಾಗಣ್ಣ. ತಲೆಗೆ ಕಿಲ್ಲೇದಾರನ ಪೇಟ.

“ಯಾರನ್ನ ನೋಡಿ ಬರದೀಯವ್ವ?” ಎಂದೆ.

“ನಮ್ಮ ಅಪ್ಪನ್ನರಿ. ಕಿಲ್ಲೇದಾರ ಥೇಟ್ ನಮ್ಮ ಅಪ್ಪನ ಹಂಗೇ ಮೀಸಿ ಬಾಚ್ಕೋತಾನ್ರಿ ಅಕ್ಕ! ಅದಕ್ಕೇ ನನಗ ಎಲ್ಲರಕಿಂತ ಅವನೇ ಭಾಳ ಸೇರ್ತಾನ. ಸಾಲಿ ಹುಡುಗರಿಗೂ ಸೇರ್ಯಾನ್ರಿ, ನಮ್ಮ ಸಾಲ್ಯಾಗ ಅದಾರ ಅಂತ ಬರೀತಾರ. ಅಪ್ಪಗ ಕುರ್ಚಿ ಹಾಕಿ ಕೂಡಿಸಿದ್ನಿ. ಯಾಕಂತ ಹೇಳಿಲ್ರಿ. ಅಳಗ್ಯಾಡ್ದ ಕುಂತಿದ್ರು, ಚಹಾ ಸುದ್ಧಾ ಕುಡೀಲಿಲ್ಲ.” ನಕ್ಕಳು. “ರವಿವಾರ ಹಾಕ್ತೀರಲ್ರಿ?”

ಅವಳು ಭಾಗಣ್ಣನ ಮಗಳು ಎಂದು ನನಗೆ ಗೊತ್ತಾದದ್ದೇ ಆಗ. “ರವಿವಾರ ಯಾಕವ್ವ? ಪುಸ್ತಕದ ಮುಖಪುಟಾನೇ ಇದು. ಆದ್ರ ನಿಮ್ಮ ಅಪ್ಪಗ ಈಗ ಹೇಳಬ್ಯಾಡ. ಸಭಾದಾಗೇ ನೋಡಿ ಖುಷಿ ಪಡ್ಲಿ” ಎಂದೆ. ಹುಡುಗಿ ಕುಣಿಯುವುದೊಂದು ಬಾಕಿ. ಎರಡು ಕೈಯಿಂದ ಬಾಯಿ ಮುಚ್ಚಿಕೊಂಡು ಓಡಿಹೋದಳು.

ಫರ್ಹತ ಸ್ಕ್ಯಾನರಿನ ಮುಚ್ಚಳ ತೆಗೆಯಲಿಲ್ಲ. “ಬ್ಯಾಡ ಮೌನಿ. ಅಂವಗ ಏನರ ಮಾಡು. ಈ ಪೋರಿ ಏನು ಮಾಡ್ಯಾಳ ನಿನಗ?”

“ನಮ್ಮವ್ವ ಏನು ಮಾಡಿದ್ಲು ಅಂವಗ?”

“ಅಲ್ಲಾಕೆ ವಾಸ್ತೆ, ತುಸು ವಿಚಾರ ಮಾಡು. ಈಕಿ ನಿನ್ನ ನಂಬಿ ಕೊಟ್ಟು ಹೋಗ್ಯಾಳ.”

ನಾನು ವಿಚಾರ ಮಾಡಿದೆ. ಮಾಡಲಿಲ್ಲ ಎಂದರೆ ಸುಳ್ಳಾಗುತ್ತದೆ. ಆ ಹುಡುಗಿಗೆ ಏನೂ ತಿಳಿದಿಲ್ಲ ಎಂಬುದು ಗೊತ್ತಿದ್ದೇ ಹಾಳೆಯನ್ನು ನಾನೇ ಸ್ಕ್ಯಾನರಿಗೆ ಇಟ್ಟೆ. ತನ್ನವರು ಮುಂದಿನ ಸಾಲಿನಲ್ಲಿ ಚಪ್ಪಾಳೆ ತಟ್ಟುವಾಗ ವೇದಿಕೆಯ ಮೇಲೆ ಮಾನ ಹೋದರೆ ಹೇಗಿರುತ್ತದೆ ಎಂದು ಅವನಿಗೂ ಗೊತ್ತಾಗಲಿ. ನನಗೆ ಬೇಕಾದದ್ದು ಅದೊಂದೇ.

ಆಮಂತ್ರಣ ಕೊಡಲು ಹೋದಾಗ ಭಾಗಣ್ಣ ಕಿರುಬೆರಳಿಂದ ಮೀಸೆ ಬಾಚಿಕೊಂಡ. “ಹಾಂ, ಈಗ ಬುದ್ಧಿ ಬಂತು ನೋಡು. ಹಿರೇರು ತಿದ್ದಿದ್ರ ತಿದ್ಕೋಬೇಕು.”

“ಹೌದ್ರಿ ಮಾಸ್ತರ್ರ. ನೀವೇ ಬರಬೇಕು” ಎಂದೆ. ಹಲ್ಲು ಕಡಿದ ಸದ್ದು ಅವನಿಗೆ ಕೇಳಿಸಿರಲಾರದು.

ಪುಸ್ತಕ ಬಿಡುಗಡೆಯ ರಿವಾಜು ನಿಮಗೆ ಗೊತ್ತಲ್ಲ. ಬಣ್ಣದ ಕಾಗದದಲ್ಲಿ ಸುತ್ತಿ, ಮೇಲೆ ರಿಬ್ಬನ್ ಕಟ್ಟಿ ಪುಸ್ತಕವನ್ನು ತಟ್ಟೆಯಲ್ಲಿ ತಂದು ಹಿಡಿಯುತ್ತಾರೆ. ಅತಿಥಿ ರಿಬ್ಬನ್ ಎಳೆದು, ಕಾಗದ ಹರಿದು, ಮುಖಪುಟವನ್ನು ಜನರ ಕಡೆ ಮಾಡಿ ಗದ್ದದ ಹತ್ತಿರ ಎತ್ತಿ ಹಿಡಿಯುತ್ತಾನೆ. ತಾನು ನೋಡುವುದಿಲ್ಲ. ಅವನ ಕಣ್ಣು ಫೋಟೋದವನ ಮೇಲಿರುತ್ತದೆ. ನಾನು ನಂಬಿದ್ದು ಆ ರಿವಾಜನ್ನೇ.

ಭಾಗಣ್ಣ ಎತ್ತಿ ಹಿಡಿದ. ಫೋಟೋದವನು, “ಇನ್ನೊಂದೀಟು ಮ್ಯಾಲ ಹಿಡೀರಿ ಸರ್, ಮಾರಿ ಬಾಜೂಕ” ಎಂದ. ಈಗ ಎರಡು ಭಾಗಣ್ಣ ಪಕ್ಕಪಕ್ಕದಲ್ಲಿ. ಸಭೆಯಲ್ಲಿ ನಗೆ ಸಿಡಿಯಿತು. ಜನ ಮೆಚ್ಚಿದರೆಂದು ತಿಳಿದು ಅವನೂ ಹಲ್ಲು ಬಿಟ್ಟ. ಮುಂದಿನ ಸಾಲಿನಲ್ಲಿ ನನ್ನ ಅವ್ವನ ಪಕ್ಕದಲ್ಲೇ ಕುಳಿತಿದ್ದ ಭಾರತಿ ಎದ್ದು ನಿಂತು ಚಪ್ಪಾಳೆ ತಟ್ಟತೊಡಗಿದಳು. ಹಿಂದಿನಿಂದ ಯಾರೋ “ಕಿಲ್ಲೇದಾರ!” ಎಂದು ಕೂಗಿದರು. ಅಷ್ಟೇ, ಇಡೀ ಸಭೆ ಕೂಗಿತು.

ಆಗ ಅವನು ಪುಸ್ತಕ ತಿರುಗಿಸಿ ನೋಡಿದ.

ನಾನು ಮೈಕ್ ಹಿಡಿದು ಸಿದ್ಧವಾಗಿಯೇ ಇದ್ದೆ. “ಮಾಸ್ತರ್ರ, ನನ್ನ ಮೊದಲನೇ ಪುಸ್ತಕ ತಗದಾಗ ನೀವು ಮೂಗು ಹಿಡದಿದ್ರಿ. ನಮ್ಮವ್ವ ಮಾರೋ ಮೀನಿನ ವಾಸನಿ ಬರ್ತದ ಅಂತ ಇಲ್ಲೇ ನಿಂತು ಆಡ್ಕೊಂಡು ನಕ್ಕಿದ್ರಿ. ಈ ಪುಸ್ತಕ ಯಾವ ವಾಸನಿ ಬರಾಕತ್ತದ, ತುಸು ಹೇಳ್ರಿ.”

ಅವನ ಹೆಗಲ ಶಾಲು ಜಾರಿ ಬಿತ್ತು, ಎತ್ತಿಕೊಳ್ಳಲಿಲ್ಲ. ಸಭೆ ಸಿಳ್ಳೆ ಹೊಡೆಯಿತು. ನನ್ನ ಎದೆಯಲ್ಲಿ ತಾಷೆ ಬಾರಿಸಿದಂತಾಯಿತು. ಇಷ್ಟು ದಿನ ಕಾದದ್ದು ಸಾರ್ಥಕವಾಯಿತು ಅನ್ನಿಸಿತು. ಅನ್ನಿಸಿದ್ದನ್ನು ಯಾಕೆ ಮುಚ್ಚಿಡಲಿ?

ಭಾರತಿಯ ಚಪ್ಪಾಳೆ ನಿಂತಿತ್ತು. ಅವಳು ತಿರುಗಿ ನಗುವವರ ಮುಖಗಳನ್ನು ನೋಡಿದಳು, ಅಪ್ಪನನ್ನು ನೋಡಿದಳು, ಕೊನೆಗೆ ನನ್ನನ್ನು. ಮೆಟ್ಟಿಲು ಹತ್ತಿ ವೇದಿಕೆಗೆ ಬಂದಳು.

“ಅಕ್ಕಾರ, ನನ್ನ ಚಿತ್ರ ನನಗ ವಾಪಸ್ ಕೊಡ್ರಿ.”

“ಅಚ್ಚಾಗ್ಯಾದಲ್ಲವ್ವ...”

“ಆದ್ರೂ ಕೊಡ್ರಿ.”

ಅವಳು ಮೇಜಿನ ಮೇಲಿದ್ದ ಪುಸ್ತಕ ತೆಗೆದು ಮುಖಪುಟ ಹರಿದಳು. ಇನ್ನೊಂದು ತೆಗೆದಳು, ಅದನ್ನೂ ಹರಿದಳು. ಅಳುತ್ತಿರಲಿಲ್ಲ. ಹಾಳೆ ಹರಿಯುವ ಸದ್ದು ಮೈಕಿನಲ್ಲಿ ಕೇಳುತ್ತಿತ್ತು. ನಗುತ್ತಿದ್ದವರು ಒಬ್ಬೊಬ್ಬರಾಗಿ ಸುಮ್ಮನಾದರು. ಭಾಗಣ್ಣ ಅವಳ ಕೈ ಹಿಡಿದ.

“ಹರೀಬ್ಯಾಡ ಮಗಳ. ಚಂದ ಬರದೀ” ಎಂದ. “ನನ್ನ ಮಾರಿ ಇರೋದೇ ಹಂಗ.”

ಶಾಲನ್ನು ಅಲ್ಲೇ ಬಿಟ್ಟು ಮಗಳನ್ನು ಕರೆದುಕೊಂಡು ಇಳಿದು ಹೋದ. ಜನರೂ ಮಿಠಾಯಿಗೆ ಕಾಯದೆ ಎದ್ದರು. ಫರ್ಹತ ಹರಿದ ಹಾಳೆಗಳನ್ನು ಆರಿಸತೊಡಗಿದಳು, ನನ್ನತ್ತ ನೋಡಲಿಲ್ಲ. ನೋಡದಿದ್ದರೆ ಬಿಡಲಿ, ನನ್ನ ಅವ್ವನ ಮಾನದ ಲೆಕ್ಕ ಚುಕ್ತಾ ಆಯಿತು ಎಂದುಕೊಂಡು ಅವ್ವನ ಹತ್ತಿರ ಹೋದೆ. ಅವಳು ಮುಂದಿನ ಸಾಲಿನಲ್ಲಿ ಹಾಗೆಯೇ ಕುಳಿತಿದ್ದಳು, ಇಳಕಲ್ ಸೀರೆಯ ಸೆರಗನ್ನು ಮೂಗಿಗೆ ಹಿಡಿದು ಮೂಸುತ್ತಿದ್ದಳು.

“ಮೌನಿ,” ಎಂದಳು, ಬಲು ಸಣ್ಣ ದನಿಯಲ್ಲಿ. “ಅವತ್ತು ಅವ್ರು ನನಗ ಹೊಗಳಿದ್ದಲ್ಲೇನು?”